ಸುಸ್ಥಿರ ವಾಸ್ತುಶಿಲ್ಪದ ಸ್ನಾತಕೋತ್ತರ ಓದು: ಕಾಸರಗೋಡಿನ ಮನೆಗೆ ಅದರಿಂದ ಆಗುವುದೇನು?

ಎಣ್ಮಕಜೆಯಿಂದ, ಪ್ರಶ್ನೆ ಕೇಳುವವಳು:

ಎಲ್ಲರಿಗೂ ನಮಸ್ಕಾರ. ನಾನು ಐದು ವರ್ಷದ ಬಿ.ಆರ್ಕ್. ಪದವಿ ಮುಗಿಸಿ ಮಂಗಳೂರಿನ ಒಂದು ಕಚೇರಿಯಲ್ಲಿ ಮೂರು ವರ್ಷಗಳಿಂದ ದುಡಿಯುತ್ತಿದ್ದೇನೆ. ಹತ್ತನೆಯ ತರಗತಿಯ ತನಕ ನಮ್ಮೂರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದವಳು. ಸುಸ್ಥಿರ ವಾಸ್ತುಶಿಲ್ಪದಲ್ಲಿ ಎಂ.ಆರ್ಕ್. ಮಾಡಬೇಕೆಂಬ ಯೋಚನೆ ಒಂದು ವರ್ಷದಿಂದ ತಲೆಯಲ್ಲಿದೆ. ಅದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಪ್ರಶ್ನೆ ಅದರೊಳಗೇ ಇದೆ.

ನಮ್ಮಲ್ಲಿ ಎರಡು ಮನೆಗಳಿವೆ. ಅಜ್ಜ ಕಟ್ಟಿಸಿದ ಹಳೆಯ ಮನೆ ಕೆಂಪುಕಲ್ಲಿನದು; ಮೇಲೆ ಮಂಗಳೂರು ಹಂಚು, ಹಂಚಿನ ಕೆಳಗೆ ಹಲಗೆ ಹಾಸಿ ಮಣ್ಣು ಮೆತ್ತಿದ ಮುಚ್ಚಿಗೆ, ಮುಂದೆ ಉದ್ದಕ್ಕೆ ಜಗಲಿ. ಅದರ ಪಕ್ಕದಲ್ಲೇ ಹದಿನೈದು ವರ್ಷಗಳ ಹಿಂದೆ ಅಪ್ಪ ಕಟ್ಟಿಸಿದ ತಾರಸಿ ಮನೆ. ಅದರ ಗೋಡೆಗಳೂ ಅದೇ ಗುಡ್ಡೆಯ ಕೆಂಪುಕಲ್ಲಿನವೇ. ಆದರೂ ಏಪ್ರಿಲ್ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೆ ಹೊಸ ಮನೆಯ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ. ಹಳೆಯ ಮನೆಯ ಚಾವಡಿಯಲ್ಲಿ ಆ ಹೊತ್ತಿಗೆ ಹಿತವಾಗಿ ಮಲಗಬಹುದು. ಅಜ್ಜ ಹೊಸ ಮನೆಯಲ್ಲಿ ಒಂದು ರಾತ್ರಿಯೂ ಮಲಗಿದವರಲ್ಲ. ಕಲ್ಲು ಒಂದೇ ಆಗಿರುವಾಗ ಹೀಗೇಕೆ ಎಂದು ಅವರು ಒಮ್ಮೆ ಕೇಳಿದರು. ಐದು ವರ್ಷ ಇದನ್ನೇ ಓದಿದ ನನಗೆ ಅವರಿಗೆ ಒಪ್ಪುವ ಹಾಗೆ ಉತ್ತರಿಸಲು ಆಗಲಿಲ್ಲ.

ಕಚೇರಿಯಲ್ಲಿಯೂ ಸಮಾಧಾನವಿಲ್ಲ. ಪಡುವಣ ಬಿಸಿಲಿಗೆ ಪೂರ್ತಿ ಗಾಜಿನ ಗೋಡೆ ಒಡ್ಡಿದ ಒಂದು ಮನೆಯ ಮೇಲೆ ಸೌರಫಲಕ ಕೂರಿಸಿ, ಅದನ್ನು ಹಸಿರು ಕಟ್ಟಡವೆಂದು ವಿವರಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆದೆ, ಆದರೆ ಮನಸ್ಸು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಬೇಕಾದ ಲೆಕ್ಕವೂ ನನ್ನ ಕೈಯಲ್ಲಿರಲಿಲ್ಲ. ಎರಡು ವರ್ಷ ಮತ್ತೆ ಓದಿದರೆ ಆ ಲೆಕ್ಕ ಕೈಗೆ ಬರುತ್ತದೆಯೇ? ಬರುವುದಾದರೆ ಯಾವ ಬಗೆಯ ಕೋರ್ಸನ್ನು ಹುಡುಕಬೇಕು? ಓದಿದ ಮೇಲೆ ಊರಿಗೆ ಮರಳಿ ಇಲ್ಲಿಯ ಮನೆಗಳನ್ನೇ ಕಟ್ಟಿಕೊಂಡು ಬದುಕಲು ಸಾಧ್ಯವೇ? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಕುಂಬಳೆಯಿಂದ, ಪಾಲಿಟೆಕ್ನಿಕ್ಕಿನ ನಿವೃತ್ತ ಅಧ್ಯಾಪಕರು:

ಮಗಳೇ, ನಿನ್ನ ಅಜ್ಜ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಸಿವಿಲ್ ವಿಷಯವನ್ನು ಮೂವತ್ತು ವರ್ಷ ಪಾಠ ಮಾಡಿದವನಾಗಿ ಅದಕ್ಕೆ ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ. ಉತ್ತರ ಇರುವುದು ಗೋಡೆಯಲ್ಲಿ ಅಲ್ಲ, ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ.

ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ ತಿಂಗಳ ನಡುವಿನಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ಮೋಡ ಕಾಯುತ್ತದೆ, ಏಪ್ರಿಲಿನಲ್ಲಿ ಕಾಯುವವರಿಲ್ಲ. ಆಗ ಗೋಡೆಗಿಂತ ಹಲವು ಪಾಲು ಹೆಚ್ಚು ಬಿಸಿಲು ಬೀಳುವುದು ಮಾಡಿನ ಮೇಲೆ. ಸಾವಿರ ಚದರಡಿಯ, 12 ಸೆಂಟಿಮೀಟರ್ ದಪ್ಪದ ತಾರಸಿ ಎಂದರೆ ಸುಮಾರು 27 ಟನ್ ಕಾಂಕ್ರೀಟು. ಅಷ್ಟು ಭಾರದ ವಸ್ತು ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಕುಡಿದು, ಆ ಶಾಖವನ್ನು ಹಲವು ಗಂಟೆಗಳ ತರುವಾಯ, ನೀವು ಮಲಗುವ ಹೊತ್ತಿಗೆ ಸರಿಯಾಗಿ, ಕೆಳಮುಖವಾಗಿ ಸೂಸಲು ತೊಡಗುತ್ತದೆ. ನಿಮ್ಮ ಫ್ಯಾನು ಆ ತಾರಸಿಗೆ ತಾಗಿದ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತಿದೆ. ಹಂಚಾದರೋ ತೆಳುವಾದ ವಸ್ತು. ಮಧ್ಯಾಹ್ನ ಅದೂ ಕೈ ಇಡಲಾಗದಷ್ಟು ಕಾಯುತ್ತದೆ, ಆದರೆ ಹೊತ್ತು ಮುಳುಗಿ ಸ್ವಲ್ಪದರಲ್ಲೇ ಆರಿಬಿಡುತ್ತದೆ. ಸಂದುಗಳಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ. ಮಧ್ಯಾಹ್ನದ ಕಾವು ಜನರ ತಲೆಗೆ ತಾಗದಂತೆ ತಡೆಯುವುದು ಆ ಮುಚ್ಚಿಗೆ. ಅಟ್ಟದ ಗಾಳಿ ಎಷ್ಟೇ ಕಾದರೂ, ಮಣ್ಣು ಮೆತ್ತಿದ ಹಲಗೆಯನ್ನು ದಾಟಿ ಅದು ಚಾವಡಿಗೆ ಇಳಿಯಲು ಕಷ್ಟ. ಮುಚ್ಚಿಗೆ ಇಲ್ಲದ ಬರಿಯ ಹಂಚಿನ ಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕುಳಿತು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಇನ್ನೊಂದು ಮಾತು. ದಪ್ಪ ಗೋಡೆಯ ಮನೆ ಸದಾ ತಂಪು ಎಂದು ಎಲ್ಲೆಡೆ ಹೇಳುವುದುಂಟು. ಹಗಲಿಗೂ ಇರುಳಿಗೂ ಉಷ್ಣಾಂಶದ ಅಂತರ ದೊಡ್ಡದಾಗಿರುವ ಒಣನಾಡಿಗೆ ಅದು ಸಲ್ಲುವ ಮಾತು. ನಮ್ಮದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಐದು ಹವಾವಲಯಗಳಲ್ಲಿ ಬಿಸಿ ಮತ್ತು ತೇವದ ವಲಯ. ಇಲ್ಲಿ ಮೈಯ ಬೆವರು ಆರಬೇಕಾದರೆ ಗಾಳಿ ಆಡಬೇಕು. ಜಗಲಿ, ಎದುರುಬದುರು ಕಿಟಕಿ, ಮಾಡಿನ ಚಾಚು, ಇವುಗಳನ್ನು ನಮ್ಮ ಹಿರಿಯರು ಅಂದಕ್ಕಾಗಿ ಇಟ್ಟವರಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ, ಜಡಿಮಳೆಯಲ್ಲಿಯೂ ಕಿಟಕಿ ತೆರೆದಿಡಬೇಕಾದರೆ ಮಾಡು ಗೋಡೆಯಿಂದ ಮೂರಡಿಯಾದರೂ ಹೊರಗೆ ಚಾಚಿರಲೇಬೇಕು.

ಓದಬೇಕೇ ಎಂದು ಕೇಳಿದ್ದೀಯಷ್ಟೆ. ಓದಬೇಕು. ಆದರೆ ಹೊರಡುವ ಮೊದಲು ಒಂದು ಕೆಲಸ ಮಾಡು. ಉಷ್ಣಾಂಶ ಮತ್ತು ತೇವಾಂಶವನ್ನು ಗಂಟೆಗೊಮ್ಮೆ ತಾನಾಗಿ ದಾಖಲಿಸುವ ಚಿಕ್ಕ ಯಂತ್ರಗಳು ಈಗ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಹಳೆಯ ಮನೆಯಲ್ಲೊಂದು, ಹೊಸ ಮನೆಯಲ್ಲೊಂದು, ಹೊರಗೆ ನೆರಳಿನಲ್ಲೊಂದು ಇಟ್ಟು ಫೆಬ್ರವರಿಯಿಂದ ಮೇ ಕೊನೆಯ ತನಕ ಬರೆದಿಡು. ಆ ನಾಲ್ಕು ತಿಂಗಳ ಅಂಕಿಗಳನ್ನು ಕೈಯಲ್ಲಿ ಹಿಡಿದು ತರಗತಿಗೆ ಹೋದವಳಿಗೂ ಬರಿಗೈಯಲ್ಲಿ ಹೋದವಳಿಗೂ ಕಲಿಕೆಯಲ್ಲಿ ಅಜಗಜಾಂತರವಿರುತ್ತದೆ.

ಬದಿಯಡ್ಕದಿಂದ, ಕಟ್ಟಡ ಗುತ್ತಿಗೆದಾರ:

ಮಾಸ್ಟ್ರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೂ ನನ್ನ ಅನುಭವವನ್ನು ಈ ತಂಗಿಯ ಮುಂದೆ ಇಡಬೇಕಾಗಿದೆ, ಏಕೆಂದರೆ ಓದಿ ಬಂದವರು ಹಂಚಿನ ಮಾಡಿನ ಚಿತ್ರ ತಂದುಕೊಡುತ್ತಾರೆ, ಮನೆಯ ಯಜಮಾನರು ಅದನ್ನು ನೋಡಿ ನನ್ನ ಮುಖ ನೋಡುತ್ತಾರೆ.

ಜನ ತಾರಸಿ ಕೇಳುವುದು ತಿಳಿವಳಿಕೆ ಇಲ್ಲದೆ ಅಲ್ಲ. ಹಂಚು ಕೂರಿಸುವ ಪಕ್ಕಾಸು, ರೀಪಿಗೆ ಬೇಕಾದ ಮರದ ಬೆಲೆ ಏರಿದೆ. ಗೆದ್ದಲು ಹಿಡಿಯುತ್ತದೆ. ಮಂಗಗಳು ಹಂಚಿನ ಮೇಲೆ ಓಡಾಡಿ ಒಡೆಯುತ್ತವೆ. ಮಳೆಗಾಲಕ್ಕೆ ಮೊದಲು ಮಾಡು ಹತ್ತಿ ಹಂಚು ಸರಿಪಡಿಸುವವರು ಪ್ರತಿ ಊರಿನಲ್ಲಿ ಇದ್ದ ಕಾಲ ಹೋಯಿತು. ಈಗ ಒಬ್ಬರಿಗಾಗಿ ಹತ್ತು ಮನೆಯವರು ಕಾಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅಡಿಕೆ ಕೃಷಿಕನಿಗೆ ತಾರಸಿ ಎಂದರೆ ಮಾಡು ಮಾತ್ರವಲ್ಲ, ಅಂಗಳವೂ ಹೌದು. ಅಡಿಕೆ ಒಣಗಿಸಲು ಜಾಗ ಬೇಕು. ಆ ಲೆಕ್ಕವನ್ನು ಬಿಟ್ಟು ಮಾಡುವ ನಕ್ಷೆ ನಮ್ಮೂರಿಗೆ ಹೊಂದುವುದಿಲ್ಲ.

ಮನೆಯಿಲ್ಲದವರಿಗಾಗಿ ಕೇರಳ ಸರಕಾರ ತಂದ ಲೈಫ್ ಯೋಜನೆಯ ಮನೆಗಳನ್ನೂ ನಾನು ಕಟ್ಟಿದ್ದೇನೆ. ಸುಮಾರು 400 ಚದರಡಿ, ನೆರವು 4 ಲಕ್ಷ ರೂಪಾಯಿ. ಆ ಮೊತ್ತದೊಳಗೆ ಗೋಡೆ ಎದ್ದು ತಾರಸಿ ಬಿದ್ದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಲ್ಲಿ ಜಗಲಿ ಮಾಡಿಕೊಡಿ, ಮಾಡು ಚಾಚಿಕೊಡಿ ಎಂದು ಹೇಳಲು ನನ್ನ ಬಾಯಿ ಬರುವುದಿಲ್ಲ. ನಿಜವಾಗಿ ಬಿಸಿಯಲ್ಲಿ ಬೇಯುವವರು ಅವರೇ. ತಂಗೀ, ನೀನು ಓದುವುದಾದರೆ ಅವರ ಮಾಡನ್ನು ಓದು. ನಾಲ್ಕು ಎಕರೆ ತೋಟವಿದ್ದು ಹಳೆಯ ಮನೆಯನ್ನೂ ಇಟ್ಟುಕೊಂಡವರಿಗೆ ಹೇಗೋ ನಡೆಯುತ್ತದೆ.

ನಾನು ಕಂಡುಕೊಂಡ ಎರಡು ಸಂಗತಿಗಳನ್ನು ಹೇಳುತ್ತೇನೆ. ಸೋರುವ ತಾರಸಿಯ ಮೇಲೆ ಈಗ ಎಲ್ಲರೂ ಶೀಟು ಹಾಕಿಸುತ್ತಾರೆ. ಶೀಟು ಮತ್ತು ತಾರಸಿಯ ನಡುವೆ ಆಳೆತ್ತರದ ಜಾಗ ಬಿಟ್ಟು ನಾಲ್ಕೂ ಕಡೆ ತೆರೆದಿಟ್ಟ ಮನೆಗಳಲ್ಲಿ ರಾತ್ರಿಯ ಕಾವು ಕಡಿಮೆಯಾಗಿದೆ ಎಂದು ಮನೆಯವರೇ ಹೇಳುತ್ತಾರೆ. ಸುತ್ತ ಮುಚ್ಚಿದವರಿಗೆ ಅಷ್ಟು ಪ್ರಯೋಜನವಾಗಿಲ್ಲ. ಎರಡನೆಯದು, ಕೆಡವಿದ ಮನೆಗಳ ಹಳೆಯ ಹಂಚುಗಳನ್ನು ತಾರಸಿಯ ಕಾಂಕ್ರೀಟಿನೊಳಗೆ ಕಬ್ಬಿಣದ ಚೌಕಗಳ ನಡುವೆ ಇಟ್ಟು ಎರೆಯುವ ಕ್ರಮ. ಕಡಿಮೆ ಖರ್ಚಿನ ಮನೆಗಳಿಗೆ ಕೇರಳದಲ್ಲಿ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ರೀತಿ ಎಂದು ನಿರ್ಮಿತಿ ಕೇಂದ್ರದ ಕೆಲಸದಲ್ಲಿ ಕಲಿತಿದ್ದೆ. ಚಪ್ಪಡಿಯ ಕೆಳಭಾಗದ ಕಾಂಕ್ರೀಟು ಭಾರ ಹೊರುವುದಕ್ಕೆ ಹೆಚ್ಚು ನೆರವಾಗುವುದಿಲ್ಲವಾದ್ದರಿಂದ ಅಲ್ಲಿ ಹಂಚು ಇಟ್ಟರೆ ಬಲಕ್ಕೆ ಕುಂದಿಲ್ಲ, ಸಿಮೆಂಟು ಉಳಿಯುತ್ತದೆ. ಇದನ್ನು ಮಾಡಲು ನನಗೆ ಗೊತ್ತಿದೆ. ಇದರಿಂದ ಮನೆ ಎಷ್ಟು ತಂಪಾಗುತ್ತದೆ ಎಂದು ಕೇಳಿದರೆ ಹೇಳಲು ನನ್ನಲ್ಲಿ ಅಂಕಿ ಇಲ್ಲ. ಅಂಕಿ ತಂದುಕೊಡುವವರು ಓದಿದವರೇ ಆಗಬೇಕು.

ನೀರ್ಚಾಲಿನವನು, ಆಂಧ್ರದಲ್ಲಿ ಎಂ.ಆರ್ಕ್. ಓದಿದವನು:

ಕೋರ್ಸಿನ ವಿಷಯವನ್ನು ನಾನು ಹೇಳುತ್ತೇನೆ, ಏಕೆಂದರೆ ಆರು ವರ್ಷಗಳ ಹಿಂದೆ ಇದೇ ಗೊಂದಲದಲ್ಲಿದ್ದೆ.

ಮೊದಲನೆಯದಾಗಿ, ಎಂ.ಆರ್ಕ್. ಇಲ್ಲದೆಯೂ ನೀವು ಮನೆ ಕಟ್ಟಬಹುದು. 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ ನೋಂದಣಿಗೆ ಬೇಕಾಗುವುದು ಬಿ.ಆರ್ಕ್.; ಅದು ನಿಮ್ಮಲ್ಲಿದೆ. ಆದ್ದರಿಂದ ಹೆಸರಿನ ಮುಂದೆ ಇನ್ನೊಂದು ಪದವಿ ಸೇರಿಸಲಿಕ್ಕಾಗಿ ಎರಡು ವರ್ಷ ಕೊಡಬೇಡಿ. ಕಚೇರಿಯ ಗಡುವುಗಳ ನಡುವೆ ಎಂದಿಗೂ ಸಿಗದ ಒಂದು ಅವಕಾಶ, ಒಂದೇ ಪ್ರಶ್ನೆಯನ್ನು ಹಿಡಿದು ಅಳೆದು ನೋಡುವ ಅವಕಾಶ, ಅಲ್ಲಿ ಸಿಗುತ್ತದೆ. ಹೋಗುವುದಾದರೆ ಅದಕ್ಕಾಗಿ ಹೋಗಿ.

ನಮ್ಮ ದೇಶದಲ್ಲಿ ಈ ವಿಷಯಕ್ಕೇ ಮೀಸಲಾದ ಕೋರ್ಸುಗಳು ಕೆಲವೇ ಇವೆ. ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರಿನಲ್ಲಿ ಸುಸ್ಥಿರ ವಾಸ್ತುಶಿಲ್ಪದ ಎಂ.ಆರ್ಕ್. ಇದೆ. ತಿರುಚಿರಾಪಳ್ಳಿಯ ಎನ್‌ಐಟಿಯಲ್ಲಿ ಶಕ್ತಿ ಉಳಿತಾಯ ಮತ್ತು ಸುಸ್ಥಿರ ವಾಸ್ತುಶಿಲ್ಪವೆಂಬ ವಿಭಾಗವಿದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಕಟ್ಟಡಗಳ ಶಕ್ತಿ ಬಳಕೆಯನ್ನೇ ಆಳವಾಗಿ ಕಲಿಸುವ ಸ್ನಾತಕೋತ್ತರ ಕೋರ್ಸಿದೆ. ಭಾರತದ ಜನ ಎಷ್ಟು ಉಷ್ಣಾಂಶವನ್ನು ಹಿತವೆಂದು ಭಾವಿಸುತ್ತಾರೆ ಎಂಬುದರ ಮಾದರಿಯನ್ನು ಸಿದ್ಧಪಡಿಸಿದವರು ಅಲ್ಲಿಯವರು. ಈ ಮಾದರಿಯ ಮಹತ್ವ ದೊಡ್ಡದು. ಹವಾನಿಯಂತ್ರಣ ಯಂತ್ರಗಳ ಲೆಕ್ಕದಿಂದ ಬಂದ ವಿದೇಶದ ಮಾನದಂಡವನ್ನು ಹಿಡಿದರೆ ನಿಮ್ಮ ಅಜ್ಜನ ಚಾವಡಿ ವರ್ಷದ ಬಹುಭಾಗ ಅನುತ್ತೀರ್ಣವಾಗುತ್ತದೆ; ಗಾಳಿಯಾಡುವ ಮನೆಯಲ್ಲಿ ಬದುಕುವವರ ಅಳತೆಯಿಂದ ನೋಡಿದರೆ ಅದೇ ಚಾವಡಿ ಉತ್ತೀರ್ಣವಾಗುತ್ತದೆ.

ಸರಕಾರಿ ಸಂಸ್ಥೆಗಳಿಗೆ ಗೇಟ್ ಪರೀಕ್ಷೆಯೇ ಮುಖ್ಯ ದಾರಿ. ವಾಸ್ತುಶಿಲ್ಪ ಮತ್ತು ಯೋಜನೆಯ ಪತ್ರಿಕೆ ಮೂರು ಗಂಟೆಯದು, 100 ಅಂಕದ್ದು. ಅದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ. ಫಲಿತಾಂಶ ಮೂರು ವರ್ಷ ಊರ್ಜಿತದಲ್ಲಿರುತ್ತದೆ, ಹಾಗಾಗಿ ಕೆಲಸದಲ್ಲಿದ್ದುಕೊಂಡೇ ಬರೆದಿಡಬಹುದು. ಗೇಟ್ ಅಂಕದ ಮೇಲೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ನನ್ನ ಊಟ, ವಸತಿಯ ಖರ್ಚನ್ನು ನಾನು ಅದರಲ್ಲೇ ತೂಗಿಸಿದ್ದೆ.

ತರಗತಿಯಲ್ಲಿ ಕಲಿಯುವುದೇನು ಎಂದರೆ, ಶಾಖದ ಚಲನೆಯ ಗಣಿತ, ಹಗಲು ಬೆಳಕಿನ ಲೆಕ್ಕ, ಸಾಮಗ್ರಿಯೊಂದು ಹುಟ್ಟಿನಿಂದ ಕೆಡವುವ ತನಕ ತಿನ್ನುವ ಶಕ್ತಿ, ನೀರು, ತ್ಯಾಜ್ಯ, ನಿಯಮ ಸಂಹಿತೆಗಳು, ಮತ್ತು ಎನರ್ಜಿಪ್ಲಸ್‌ನಂತಹ ತಂತ್ರಾಂಶದಲ್ಲಿ ಕಟ್ಟಡವನ್ನು ವರ್ಷದ 8,760 ಗಂಟೆಯೂ ಓಡಿಸಿ ನೋಡುವುದು. ಈ ತಂತ್ರಾಂಶದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದಕ್ಕೆ ಹವಾಮಾನದ ಕಡತ ಕೊಡಬೇಕು, ಸಿಗುವುದು ದೊಡ್ಡ ಊರುಗಳ ಕಡತ. ಎಣ್ಮಕಜೆಯ ತೋಟದ ನಡುವಿನ ಮನೆಗೆ ಕಡಲಂಚಿನ ನಗರದ ಹವೆ ಸರಿಹೊಂದುವುದಿಲ್ಲ. ಕೆಂಪುಕಲ್ಲಿನ ಶಾಖವಾಹಕತೆ ಎಷ್ಟೆಂದು ಅದು ಕೇಳುತ್ತದೆ. ಕಲ್ಲು ಗುಡ್ಡೆಯಿಂದ ಗುಡ್ಡೆಗೆ ಬದಲಾಗುತ್ತದೆ, ಒದ್ದೆಯಾದಾಗ ಒಂದು, ಒಣಗಿದಾಗ ಇನ್ನೊಂದು. ನನ್ನ ಮೊದಲ ವರ್ಷದ ಪ್ರಬಂಧದಲ್ಲಿ ಪುಸ್ತಕದ ಅಂಕಿಯನ್ನೇ ಹಾಕಿ ಬಣ್ಣಬಣ್ಣದ ನಕ್ಷೆ ತೆಗೆದಿದ್ದೆ. ನಿಜವಾದ ಮನೆಯಲ್ಲಿ ಅಳೆದಾಗ ಅದಕ್ಕೂ ಇದಕ್ಕೂ ಹೊಂದಲೇ ಇಲ್ಲ. ಮಾಸ್ಟ್ರು ಹೇಳಿದ ನಾಲ್ಕು ತಿಂಗಳ ದಾಖಲೆ ಅದಕ್ಕಾಗಿಯೇ ಬೆಲೆಬಾಳುವಂಥದು.

ಬದಿಯಡ್ಕದ ಅಣ್ಣ ಹೇಳಿದ ಚಿಕ್ಕ ಮನೆಗಳ ಬಗೆಗೂ ಒಂದು ಅಳತೆ ಇದೆ. ವಾಸದ ಮನೆಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ, ಬಿಸಿ ಮತ್ತು ತೇವದ ವಲಯದಲ್ಲಿ ತೆರೆಯಬಹುದಾದ ಕಿಟಕಿ, ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಶೇ. 16.66 ಆದರೂ ಇರಬೇಕೆನ್ನುತ್ತದೆ. 400 ಚದರಡಿಯ ಮನೆಗೆ ಸುಮಾರು 67 ಚದರಡಿ. 2018ರ ಆ ರೂಪದಲ್ಲಿ ಸಂಹಿತೆ 500 ಚದರ ಮೀಟರಿಗಿಂತ ಕಡಿಮೆ ನಿವೇಶನಕ್ಕೆ ಅನ್ವಯಿಸುವುದಿಲ್ಲ, ಆದರೆ ಅಳತೆಗೋಲಾಗಿ ಬಳಸಲು ಅಡ್ಡಿಯಿಲ್ಲ. ಕಿಟಕಿಯ ಅರ್ಧ ಭಾಗವಷ್ಟೇ ಸರಿಯುವ ಅಲ್ಯೂಮಿನಿಯಂ ಚೌಕಟ್ಟಿಗಿಂತ ಪೂರ್ತಿ ತೆರೆಯುವ ಎರಡು ಬಾಗಿಲಿನ ಮರದ ಕಿಟಕಿ ಏಕೆ ಮೇಲು ಎಂಬುದು ಈ ಒಂದು ಲೆಕ್ಕದಿಂದಲೇ ತಿಳಿಯುತ್ತದೆ.

ಅಕ್ಕಲಕೋಟೆಯಿಂದ, ಸಿವಿಲ್ ಇಂಜಿನಿಯರ್:

ನಾನು ಸೊಲ್ಲಾಪುರ ಜಿಲ್ಲೆಯ ಕನ್ನಡಿಗ. ಕಾಸರಗೋಡಿನವರ ಈ ಚರ್ಚೆಯನ್ನು ಓದುತ್ತ ನಮ್ಮ ಸೀಮೆಯ ಸಂಗತಿಯನ್ನು ಹೇಳದೆ ಇರಲಾಗಲಿಲ್ಲ. ನಮ್ಮದು ಒಣ ಸೀಮೆ. ಕಲ್ಲಿನ ದಪ್ಪ ಗೋಡೆ, ಮೇಲೆ ತೊಲೆ, ಹಲಗೆ, ಅದರ ಮೇಲೆ ಮೊಳದುದ್ದ ಮಣ್ಣು ಹಾಕಿದ ಮಾಳಿಗೆ. ಬೇಸಿಗೆಯ ಮಧ್ಯಾಹ್ನ ಹೊರಗೆ ಬೆಂಕಿ ಸುರಿದರೂ ಒಳಗೆ ತಂಪು. ಅಧ್ಯಾಪಕರು ಹೇಳಿದ ಹಾಗೆ ದಪ್ಪ ಗೋಡೆಯ ಮಾತು ಸಲ್ಲುವುದು ನಮ್ಮಲ್ಲಿ.

ಆದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಸುಮಾರು ಹತ್ತು ಸಾವಿರ ಜನ ಸತ್ತರು, ಹೆಚ್ಚಿನವರು ಇಂಥದೇ ಮನೆಗಳ ಅಡಿಯಲ್ಲಿ. ಗೋಡೆಯ ಒಳಪದರ, ಹೊರಪದರಗಳನ್ನು ಬಂಧಿಸುವ ಅಡ್ಡಕಲ್ಲುಗಳಿರಲಿಲ್ಲ. ನಡುವೆ ಸಣ್ಣ ಕಲ್ಲು, ಮಣ್ಣು ತುಂಬಿತ್ತು. ನೆಲ ನಡುಗಿದಾಗ ಪದರಗಳು ಬೇರ್ಪಟ್ಟು, ಮೇಲಿನ ಮಣ್ಣಿನ ಭಾರವೆಲ್ಲ ಮಲಗಿದವರ ಮೇಲೆ ಬಿತ್ತು. ಅಲ್ಲಿಂದ ಮುಂದೆ ನಮ್ಮ ಕಡೆಯ ಜನ ಕಲ್ಲು, ಮಣ್ಣಿನ ಮನೆಯ ಹೆಸರು ಹೇಳಿದರೆ ಹೆದರುತ್ತಾರೆ. ಆ ಹೆದರಿಕೆಯನ್ನು ಅಜ್ಞಾನವೆಂದು ಕರೆಯುವ ಹಕ್ಕು ಯಾವ ವಾಸ್ತುಶಿಲ್ಪಿಗೂ ಇಲ್ಲ.

ಅಡ್ಡಕಲ್ಲುಗಳನ್ನು ಕೂರಿಸಿ, ಬಾಗಿಲ ಎತ್ತರದಲ್ಲೂ ಮಾಡಿನ ಕೆಳಗೂ ಗೋಡೆಯ ಸುತ್ತ ಕಟ್ಟುಪಟ್ಟಿ ಹಾಕಿದರೆ ಅಂಥ ಮನೆಯನ್ನೂ ಭದ್ರಪಡಿಸಬಹುದೆಂದು ತಜ್ಞರು ಆಗಲೇ ತೋರಿಸಿಕೊಟ್ಟಿದ್ದರು. ಜನರಿಗೆ ಅದು ತಲುಪುವ ಹೊತ್ತಿಗೆ ಬಹುತೇಕ ಮನೆಗಳು ಹೋಗಿದ್ದವು. ಆದ್ದರಿಂದ ನನ್ನ ಸಲಹೆ ಇಷ್ಟು: ಕೋರ್ಸನ್ನು ಆಯ್ಕೆ ಮಾಡುವಾಗ ಅದರಲ್ಲಿ ಕಟ್ಟಡದ ಬಲವನ್ನು ಕಲಿಸುವವರು ಇದ್ದಾರೆಯೇ ನೋಡಿ. ಶಾಖವೊಂದನ್ನೇ ಅಳೆದು, ಗೋಡೆ ನಿಲ್ಲುತ್ತದೆಯೇ ಎಂದು ಕೇಳದ ಓದು ಅರ್ಧ ಓದು.

ಪೆರ್ಲದವಳು, ಈಗ ಜರ್ಮನಿಯಲ್ಲಿರುವವಳು:

ಹೊರದೇಶದ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ನಾನು ಚಿಕ್ಕದಾಗಿ ಬರೆಯುತ್ತೇನೆ.

ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ನಿನಲ್ಲಿ ಪರಿಸರ ವಿನ್ಯಾಸದ ಹೆಸರಾಂತ ಕೋರ್ಸಿದೆ, ಒಂದು ವರ್ಷದ್ದು ಮತ್ತು ಹದಿನಾರು ತಿಂಗಳದ್ದು. ಶುಲ್ಕ ಬಹಳ ಭಾರ. ಮಣ್ಣಿನ ಕಟ್ಟಡವನ್ನೇ ಕಲಿಯುವ ಆಸೆಯಿದ್ದರೆ ಫ್ರಾನ್ಸಿನ ಗ್ರೆನೋಬಲ್ ಪಟ್ಟಣದ ಕ್ರಾತೆರ್ ಕೇಂದ್ರವನ್ನು ಜಗತ್ತಿನಲ್ಲೇ ಮೊದಲಿಗೆ ಹೆಸರಿಸುತ್ತಾರೆ. ಫ್ರೆಂಚ್ ಕಲಿಯಲು ಸಿದ್ಧರಿರಬೇಕು. ಜರ್ಮನಿಯ ಹಲವು ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲವಾದರೂ ಎಲ್ಲೆಡೆ ಹಾಗೆಂದು ನಂಬಬೇಡಿ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂತಹವರಿಗೆ ಅರೆವರ್ಷಕ್ಕೆ 1,500 ಯೂರೋ ಶುಲ್ಕವಿದೆ. ಹೊರದೇಶದ ವಿದ್ಯಾರ್ಥಿಗಳಿಗೆ ನೆರವಾಗುವ ಇಲ್ಲಿಯ ಡಾಡ್ (DAAD) ಸಂಸ್ಥೆಯ ಅಭಿವೃದ್ಧಿ ಸಂಬಂಧಿ ವಿದ್ಯಾರ್ಥಿವೇತನಕ್ಕೆ ಪದವಿಯ ಬಳಿಕ ಕನಿಷ್ಠ ಎರಡು ವರ್ಷ ಕೆಲಸ ಮಾಡಿರಬೇಕು. ನಿಮಗೆ ಮೂರು ವರ್ಷವಾಗಿದೆ, ಅರ್ಜಿ ಹಾಕಲು ಅರ್ಹರಿದ್ದೀರಿ.

ಆದರೆ ಇಲ್ಲಿ ಕಲಿಯುವುದರ ಒಂದು ಮಿತಿಯನ್ನು ನಾನು ಅನುಭವಿಸಿ ತಿಳಿದಿದ್ದೇನೆ. ಇಲ್ಲಿಯ ಶತ್ರು ಚಳಿ. ಗಾಳಿ ನುಸುಳದಂತೆ ಮನೆಯನ್ನು ಬಿಗಿದು ಮುಚ್ಚುವುದು, ಗೋಡೆಗೆ ದಪ್ಪ ಹೊದಿಕೆ ಹಾಕುವುದು, ಒಳಗಿನ ಶಾಖ ಹೊರಗೆ ಹೋಗದಂತೆ ಕಾಯುವುದು, ಇದೇ ಇಲ್ಲಿಯ ವಿದ್ಯೆ. ನಮ್ಮಲ್ಲಿ ಮಾಡಬೇಕಾದುದು ಬಹುಮಟ್ಟಿಗೆ ಇದರ ವಿರುದ್ಧ. ಲೆಕ್ಕದ ಮೂಲ ಎರಡೂ ಕಡೆ ಒಂದೇ ಆದ್ದರಿಂದ ಕಲಿತದ್ದು ವ್ಯರ್ಥವಾಗುವುದಿಲ್ಲ, ಆದರೆ ಅದನ್ನು ತಿರುಗಿಸಿ ಬಳಸುವ ಕೆಲಸವನ್ನು ನೀವೇ ಮಾಡಿಕೊಳ್ಳಬೇಕು. ಅಧ್ಯಾಪಕರಿಗೆ ಮುಚ್ಚಿಗೆ ಎಂದರೇನೆಂದು ವಿವರಿಸಲು ನನಗೆ ಒಂದು ವಾರ ಹಿಡಿಯಿತು, ಚಿತ್ರ ಬಿಡಿಸಿ ತೋರಿಸಿದ ಮೇಲೆ ಅವರು ಬಹಳ ಮೆಚ್ಚಿದರು.

ಪದವಿಗೆ ಮೊದಲೇ ಕೈ ಮಣ್ಣಾಗಿಸಿಕೊಳ್ಳಲು ದೂರ ಹೋಗಬೇಕಿಲ್ಲ. ತಮಿಳುನಾಡಿನ ಆರೋವಿಲ್ಲಿನ ಭೂಮಿ ಸಂಸ್ಥೆಯಲ್ಲಿ ಮಣ್ಣಿನ ಒತ್ತಿಟ್ಟಿಗೆ (ಸುಡದೆ, ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆ) ಮಾಡುವುದು, ಕಮಾನು, ಗುಮ್ಮಟ ಕಟ್ಟುವುದನ್ನು ಅಲ್ಪಾವಧಿಯ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ತ್ರಿಶೂರಿನಲ್ಲಿ 1985ರಲ್ಲಿ ಆರಂಭವಾದ ಕಾಸ್ಟ್‌ಫೋರ್ಡ್ ಎಂಬ ಸಂಸ್ಥೆ ಲಾರಿ ಬೇಕರ್ ಅವರ ಕ್ರಮವನ್ನು ಮುಂದುವರಿಸುತ್ತಿದೆ. ಅಂಥಲ್ಲಿ ಕೆಲವು ವಾರ ದುಡಿದು ನೋಡಿದರೆ ಎರಡು ವರ್ಷದ ಓದು ಬೇಕೋ ಬೇಡವೋ ಎಂಬುದು ನಿಮಗೇ ಸ್ಪಷ್ಟವಾಗುತ್ತದೆ.

ಎಣ್ಮಕಜೆಯಿಂದ, ಪ್ರಶ್ನೆ ಕೇಳಿದವಳು:

ಎಲ್ಲರಿಗೂ ಕೃತಜ್ಞತೆಗಳು. ಮಾಸ್ಟ್ರ ಉತ್ತರವನ್ನು ಅಜ್ಜನಿಗೆ ಓದಿ ಹೇಳಿದೆ. ಮುಚ್ಚಿಗೆಗೆ ಮಣ್ಣು ಮೆತ್ತಿದ ದಿನ ತಾನೂ ಮಣ್ಣು ತುಳಿದಿದ್ದೆ ಎಂದು ನೆನಪಿಸಿಕೊಂಡರು.

ಬದಿಯಡ್ಕದ ಅಣ್ಣನ ಮಾತು ನನ್ನನ್ನು ಹೆಚ್ಚು ಕಾಡಿತು. ನಾನು ಈ ತನಕ ಯೋಚಿಸಿದ್ದು ನಮ್ಮ ಮನೆಯಂತಹ ಮನೆಗಳನ್ನೇ ಹೊರತು 400 ಚದರಡಿಯ ಮನೆಗಳನ್ನಲ್ಲ. ಪ್ರಬಂಧದ ವಿಷಯ ಅಲ್ಲಿಯೇ ಇದೆ ಎಂದು ಈಗ ಅನಿಸುತ್ತಿದೆ: ಚಿಕ್ಕ ತಾರಸಿ ಮನೆಯ ಮೇಲೆ ಎಷ್ಟು ಎತ್ತರಕ್ಕೆ, ಯಾವ ದಿಕ್ಕಿಗೆ ತೆರೆದು ಎರಡನೆಯ ಮಾಡು ಕಟ್ಟಿದರೆ ರಾತ್ರಿಯ ಕಾವು ಎಷ್ಟು ಇಳಿಯುತ್ತದೆ, ಅದೇ ಮಾಡಿನಡಿ ಅಡಿಕೆಯೂ ಒಣಗಬಹುದೇ, ಅದೇ ಮಾಡಿನ ನೀರನ್ನು ಬಾವಿಗೆ ಇಳಿಸಬಹುದೇ. 100 ಚದರ ಮೀಟರ್ ಮಾಡಿನ ಮೇಲೆ ನಮ್ಮ ಮಳೆಗೆ ವರ್ಷಕ್ಕೆ 3.5 ಲಕ್ಷ ಲೀಟರ್ ನೀರು ಬೀಳುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಆದರೂ ಮಾರ್ಚ್ ತಿಂಗಳಲ್ಲಿ ನಾವು ನೀರಿಗೆ ಪರದಾಡುತ್ತೇವೆ.

ಇನ್ನೊಂದು ಸಂದೇಹವಿದೆ. ಕೆಂಪುಕಲ್ಲನ್ನು ಸುಡಬೇಕಿಲ್ಲ, ಗುಡ್ಡೆಯಿಂದ ಕಡಿದು ತಂದರಾಯಿತು, ಆದ್ದರಿಂದ ಅದು ಸುಸ್ಥಿರ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯ ಹಿಂದೆ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ಮೇ ತಿಂಗಳ ತನಕ ಬರುತ್ತಿದ್ದ ನೀರು, ಮೇಲಿನ ಗುಡ್ಡೆಯಲ್ಲಿ ಯಂತ್ರ ಇಟ್ಟು ಕಲ್ಲು ಕಡಿಯಲು ತೊಡಗಿದ ಮೇಲೆ ಮಾರ್ಚಿಗೇ ನಿಲ್ಲುತ್ತಿದೆ. ಹಾಗಿದ್ದರೂ ಅದನ್ನು ಸುಸ್ಥಿರ ಸಾಮಗ್ರಿ ಎನ್ನಬಹುದೇ?

ಕುಂಬಳೆಯಿಂದ, ನಿವೃತ್ತ ಅಧ್ಯಾಪಕರು:

ಈ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಕಾರ್ಖಾನೆಯ ಲೆಕ್ಕದಲ್ಲಿ ಕೆಂಪುಕಲ್ಲು ಒಳ್ಳೆಯದು. ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರನ್ನು ಒಂದು ಟನ್ ತಯಾರಿಸುವಾಗ ಮುಕ್ಕಾಲು ಟನ್ನಿಗೂ ಮೀರಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಉರುವಲಿನಿಂದಲ್ಲ, ಸುಣ್ಣದಕಲ್ಲು ಒಡೆಯುವಾಗಿನ ರಾಸಾಯನಿಕ ಕ್ರಿಯೆಯಿಂದಲೇ ಬರುವಂಥದು. ಕೆಂಪುಕಲ್ಲಿಗೆ ಆ ಹೊರೆಯಿಲ್ಲ. ಆದರೆ ಗುಡ್ಡೆಯ ಲೆಕ್ಕವೇ ಬೇರೆ. ಕೆಂಪುಕಲ್ಲಿನ ಗುಡ್ಡೆ ತೂತುತೂತಾದ ಒಂದು ದೊಡ್ಡ ನೀರಿನ ತೊಟ್ಟಿ. ಮಳೆನೀರು ಅದರ ಮೂಲಕ ಇಂಗಿ, ಕೆಳಗಿನ ಶೇಡಿ ಮಣ್ಣಿನ ಪದರ ತಲುಪಿದಾಗ ಮುಂದೆ ಇಳಿಯಲಾಗದೆ ಅಡ್ಡಕ್ಕೆ ಸರಿಯುತ್ತದೆ. ನಮ್ಮ ಸುರಂಗಗಳು ಹಿಡಿಯುವುದು ಆ ನೀರನ್ನು. ಮೇಲಿನ ಕಲ್ಲನ್ನೇ ಕಡಿದು ಸಾಗಿಸಿದರೆ ತೊಟ್ಟಿಯೇ ಇಲ್ಲವಾಗುತ್ತದೆ. ಕಲ್ಲು ಹೋಗಿ ಶೇಡಿ ಮಣ್ಣು ಮಳೆಗೆ ತೆರೆದುಕೊಂಡರೆ, ಅದು ನೆನೆದು ಬಲ ಕಳೆದುಕೊಂಡು ಜಾರುತ್ತದೆ. ಗುಡ್ಡೆಯನ್ನು ನೇರ ಗೋಡೆಯಂತೆ ಕತ್ತರಿಸಿದಲ್ಲೆಲ್ಲ ಮಳೆಗಾಲದಲ್ಲಿ ಏನಾಗುತ್ತದೆಂದು ನಾವು ಕಣ್ಣಾರೆ ಕಾಣುತ್ತಿದ್ದೇವೆ.

ಆದ್ದರಿಂದ ಕೇಳಬೇಕಾದುದು ಎಷ್ಟು ಕಲ್ಲು, ಯಾವ ಗುಡ್ಡೆಯಿಂದ, ಕಡಿದ ಬಳಿಕ ಆ ಹೊಂಡದ ಗತಿ ಏನು ಎಂದು. ಭಾರತೀಯ ಮಾನಕದ ಪ್ರಕಾರ ಕೆಂಪುಕಲ್ಲು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳಬೇಕು, ತೂಕದ ಶೇ. 12ಕ್ಕಿಂತ ಹೆಚ್ಚು ನೀರು ಹೀರಬಾರದು. ಕೋರೆಗಳಲ್ಲಿ ಇದಕ್ಕೆ ನಿಲ್ಲದ ಮೆದು ಕಲ್ಲು ಮತ್ತು ಚೂರು ರಾಶಿಗಟ್ಟಲೆ ಬಿದ್ದಿರುತ್ತದೆ. ಅದನ್ನು ಪುಡಿ ಮಾಡಿ ಅಲ್ಪ ಸಿಮೆಂಟು ಸೇರಿಸಿ ಒತ್ತಿಟ್ಟಿಗೆ ಮಾಡಬಹುದೇ ಎಂಬುದು ಒಳ್ಳೆಯ ಪ್ರಬಂಧದ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರದವರು ಮಣ್ಣಿನ ಒತ್ತಿಟ್ಟಿಗೆಯ ಮೇಲೆ ದಶಕಗಳ ಕೆಲಸ ಮಾಡಿದ್ದಾರೆ. ಆ ಹಾದಿಯನ್ನು ನಮ್ಮ ಮಣ್ಣಿಗೆ ತರಬೇಕಾಗಿದೆ. ಇನ್ನೊಂದು ಸಾಧ್ಯತೆ ಶೇಡಿ ಮಣ್ಣಿನದೇ. ಅದರಲ್ಲಿ ಕೇವೊಲಿನ್ ಎಂಬ ಬಿಳಿ ಜೇಡಿ ಹೆಚ್ಚು. ಕೇವೊಲಿನ್ ಇರುವ ಜೇಡಿಯನ್ನು 700ರಿಂದ 800 ಡಿಗ್ರಿಯಲ್ಲಿ ಸುಟ್ಟು, ಸುಣ್ಣದಕಲ್ಲಿನ ಪುಡಿಯೊಂದಿಗೆ ಸೇರಿಸಿ, ಕ್ಲಿಂಕರನ್ನು ಅರ್ಧಕ್ಕೆ ಇಳಿಸುವ ಹೊಸ ಬಗೆಯ ಸಿಮೆಂಟನ್ನು ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ನಮ್ಮ ದಿಲ್ಲಿ, ಮದ್ರಾಸು ಐಐಟಿಗಳ ಸಂಶೋಧಕರು ಸೇರಿ ರೂಪಿಸಿದ್ದಾರೆ. ಆ ಲೆಕ್ಕಕ್ಕೆ ನಮ್ಮ ಶೇಡಿ ಮಣ್ಣು ಒಗ್ಗುತ್ತದೆಯೇ ಎಂದು ಪರೀಕ್ಷಿಸಲು ಯೋಗ್ಯ. ಹಾಗೆಂದು ಅದಕ್ಕಾಗಿ ಹೊಸ ಗುಡ್ಡೆ ಕಡಿಯುವುದು ಬೇಡ. ರಸ್ತೆ ಅಗಲಿಸುವಾಗ ತೆಗೆದು ಸುರಿದದ್ದೇ ಸಾಕಷ್ಟಿದೆ.

ಎರಡನ್ನೂ ಒಟ್ಟಿಗೆ ಹಿಡಿಯಬೇಡ. ಚಿಕ್ಕ ಮನೆಯ ಮಾಡನ್ನೇ ಹಿಡಿ, ಎರಡು ವರ್ಷಕ್ಕೆ ಅದು ಧಾರಾಳ.

ಎಣ್ಮಕಜೆಯಿಂದ, ಪ್ರಶ್ನೆ ಕೇಳಿದವಳು:

ಹಾಗೆಯೇ ಮಾಡುತ್ತೇನೆ ಮಾಸ್ಟ್ರೇ. ಮುಂದಿನ ಗೇಟ್ ಪರೀಕ್ಷೆಗೆ ಅರ್ಜಿ ಹಾಕುತ್ತೇನೆ, ಅಳೆಯುವ ಯಂತ್ರ ನಾಲ್ಕು ತರಿಸುತ್ತೇನೆ. ಮೂರು ನಮ್ಮ ಮನೆಗಳಿಗೆ. ನಾಲ್ಕನೆಯದನ್ನು ಶೀಟು ಹಾಕದ ಒಂದು ಚಿಕ್ಕ ತಾರಸಿ ಮನೆಯಲ್ಲಿ ಇಡಬೇಕೆಂದಿದ್ದೇನೆ. ಬದಿಯಡ್ಕದ ಅಣ್ಣ, ನೀವು ಕಟ್ಟಿಕೊಟ್ಟ ಮನೆಗಳಲ್ಲಿ ಯಾರಾದರೂ ಒಪ್ಪಿಯಾರೇ?

ಬದಿಯಡ್ಕದಿಂದ, ಕಟ್ಟಡ ಗುತ್ತಿಗೆದಾರ:

ಒಬ್ಬರಲ್ಲಿ ಈಗಷ್ಟೇ ಫೋನಿನಲ್ಲಿ ಕೇಳಿದೆ, ಒಪ್ಪಿದ್ದಾರೆ. ಮನೆಯಲ್ಲಿ ಬೀಡಿ ಕಟ್ಟುವ ತಾಯಿ, ಹಗಲೆಲ್ಲ ಒಳಗೇ ಇರುತ್ತಾರೆ. ಯಾವ ಹೊತ್ತಿಗೆ ಎಷ್ಟು ಸೆಕೆಯಾಯಿತೆಂದು ಅವರೇ ಬರೆದಿಡುತ್ತಾರಂತೆ, ಕನ್ನಡದಲ್ಲಿ ಬರೆದರೆ ಸಾಕೇ ಎಂದು ಕೇಳಿದರು, ಸಾಕೆಂದು ಹೇಳಿದ್ದೇನೆ. ಅವರ ಪಕ್ಕದ ಮನೆಗೆ ಜನವರಿಯಲ್ಲಿ ಶೀಟು ಹಾಕುವ ಕೆಲಸ ನನಗೇ ಬಂದಿದೆ. ಆ ಮನೆಯವರೂ ಒಪ್ಪಿದರೆ ಇನ್ನೊಂದು ಯಂತ್ರ ಬೇಕಾಗುತ್ತದೆ. ಅದರ ದುಡ್ಡು ನಾನು ಕೊಡುತ್ತೇನೆ. ಶೀಟಿನ ಎತ್ತರ ಎಷ್ಟಿರಬೇಕೆಂದು ಡಿಸೆಂಬರ್ ಮುಗಿಯುವುದರೊಳಗೆ ನೀನು ಮತ್ತು ಮಾಸ್ಟ್ರು ಸೇರಿ ಹೇಳಿ, ಕಂಬಕ್ಕೆ ಕಬ್ಬಿಣ ಕತ್ತರಿಸುವ ಮೊದಲು ನನಗೆ ತಿಳಿಯಬೇಕು.